ಗೋದಿಹಿಟ್ಟಿನ ಗಾಳ

ಮೀನು ತಿನ್ನದವನು ಮೀನು ಹಿಡಿಯಬಾರದೆಂದು ಎಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಆದರೂ ಬೇಸಿಗೆಯ ಭಾನುವಾರಗಳಲ್ಲಿ ಶಿರಸಿಯಿಂದ ಘಟ್ಟ ಇಳಿದು, ಕುಮಟೆಯಾಚೆಯ ಬಂಡೆಗಳ ಮೇಲೆ ಗಾಳ ಹಿಡಿದು ನಿಲ್ಲುವ ನನ್ನ ಚಟಕ್ಕೆ ಹೆಂಡತಿಯ ಎದುರು ಸಮರ್ಥನೆ ಸಿಕ್ಕಿಲ್ಲ. "ನಿಂಗ ತಿಂಬ್ದಿಲ್ಲೆ, ಮಾರದಿಲ್ಲೆ. ಮತ್ತೆಂತಕ್ಕೆ ಹಿಡಿತ್ರಿ?" ಎನ್ನುತ್ತಾಳೆ. ಹಿತ್ತಿಲ ಬಚ್ಚಲಲ್ಲಿ ಮಿಂದೇ ಒಳಗೆ ಬರಬೇಕೆಂಬ ಕರಾರಿನ ಮೇಲೆ ನನ್ನನ್ನು ಹೋಗಲು ಬಿಟ್ಟಿದ್ದಾಳೆ.

ಈ ಚಟ ಹಚ್ಚಿದವನು ತಿಮ್ಮಣ್ಣ. ನಿವೃತ್ತ ಬಸ್ ಚಾಲಕ, ನಮ್ಮ ಓಣಿಯವನೇ. ನಮ್ಮಲ್ಲೊಂದು ಒಪ್ಪಂದವಿತ್ತು: ಸೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಗಾಳಕ್ಕೆ ಚುಚ್ಚುವುದು ಅವನು, ದಾರ ಎಸೆದು ನಿಲ್ಲುವುದು ನಾನು, ಬಂದ ಮೀನು ಅವನ ಮನೆಗೆ. ಹನ್ನೆರಡು ವರ್ಷ ಆ ಸಿಗಡಿಗಳನ್ನು ನಾನು ಬೆರಳ ತುದಿಯಿಂದಲೂ ಮುಟ್ಟಿರಲಿಲ್ಲ. ಪುರಾಣದ ಮನುವಿನ ಬೊಗಸೆಗೆ ಮೀನು ತಾನಾಗಿ ಬಂದಿತ್ತಂತೆ. ಆತನ ಮಡಿಗೂ ಭಂಗವಾಗಲಿಲ್ಲ, ಲೋಕವೂ ಉಳಿಯಿತು. ನನ್ನ ಮಡಿ ಉಳಿಸಿದವನು ತಿಮ್ಮಣ್ಣ.

ಈ ವರ್ಷ ಅವನ ಮಂಡಿ ಕೈಕೊಟ್ಟಿತು. ಮೊದಲ ಭಾನುವಾರವೇ ಬಂಡೆ ಇಳಿಯಲಾಗದೆ ಮೇಲಿನ ಗೇರುಮರದ ಬುಡದಲ್ಲಿ ಕುಳಿತುಬಿಟ್ಟ. "ನಂದು ಇದೇ ಕಡೇ ಬ್ಯಾಸಗೆ, ಹೆಗಡೇರೆ. ಒಂದು ಒಳ್ಳೇ ಕೊಕ್ಕರ ಮೀನು ಸಿಕ್ರೆ ಸಾಕು, ಮತ್ತೆ ಇತ್ಲಾಗೆ ಬರೂದಿಲ್ಲ" ಎಂದು ಸೆಟ್ಲಿಯ ಪೊಟ್ಟಣವನ್ನು ನನ್ನ ಕೈಗಿಟ್ಟ.

ಒಂದೇ ಒಂದು ಮೀನು. ಅಷ್ಟೇ ಅವನು ಕೇಳಿದ್ದು. ಆದರೆ ಹವಾಮಾನಕ್ಕೆ ತಲೆ ಕೆಟ್ಟಿತ್ತು. ಏಪ್ರಿಲ್‌ನಲ್ಲೇ ಮಳೆ ಹೊಡೆಯಿತು. ಮಾರನೇ ವಾರ ನೀರು ಮೀಯಲು ಕಾಸಿದಷ್ಟು ಬೆಚ್ಚಗೆ. ಒಂದು ಭಾನುವಾರ ಅಂಬಲಿಯ ಹಾಗೆ ಲೋಳೆಮೀನುಗಳು ತೇಲಿದರೆ, ಇನ್ನೊಂದು ಭಾನುವಾರ ಗಾಳಿ ದಾರವನ್ನು ನನ್ನ ಕೊರಳಿಗೇ ಸುತ್ತಿತು. ಹುಣ್ಣಿಮೆಯ ಉಬ್ಬರ ನೋಡಿಕೊಂಡು ಹೋದರೂ ಅಷ್ಟೇ, ಅಷ್ಟಮಿಗೆ ಹೋದರೂ ಅಷ್ಟೇ. ತಿಮ್ಮಣ್ಣ ಮೇಲಿನಿಂದ ಸಮುದ್ರಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ನಾನು ಕೆಳಗಿನಿಂದ ಹೂಂ ಹೂಂ ಎನ್ನುತ್ತಿದ್ದೆ. ಬೆವರು, ಉಪ್ಪು, ಸೊಂಟನೋವು, ಮತ್ತೆ ಬರಿಗೈಯಲ್ಲಿ ಘಟ್ಟ ಹತ್ತುವುದು. ಸಾಕಪ್ಪಾ ಸಾಕು ಎನಿಸಿತ್ತು.

ಈಗ ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ತಪ್ಪು ಸಮುದ್ರದ್ದು ಮಾತ್ರ ಆಗಿರಲಿಲ್ಲ. ಆ ಮೊದಲ ಭಾನುವಾರ ಪೊಟ್ಟಣ ಬಿಚ್ಚಿದವನಿಗೆ ಮೀಸೆಗಳು ಕಂಡವು, ಕಪ್ಪು ಕಣ್ಣುಗಳು ಕಂಡವು. ಕೈ ಮುಂದೆ ಹೋಗಲಿಲ್ಲ. ಪೊಟ್ಟಣವನ್ನು ಬಂಡೆಯ ಮರೆಯಲ್ಲಿ ಕಾಗೆಗಳಿಗೆ ಸುರಿದು, ಬುತ್ತಿಯ ಚಪಾತಿಯ ಚೂರು ನಾದಿ ಗಾಳಕ್ಕೆ ಅಂಟಿಸಿದೆ. ಮುಂದಿನ ವಾರದಿಂದ ಮನೆಯಲ್ಲೇ ಗೋದಿಹಿಟ್ಟು ಕಲಸಿ, ವಾಸನೆಗಿರಲಿ ಎಂದು ಚಿಟಿಕೆ ಇಂಗು ಸೇರಿಸಿ ಒಯ್ಯತೊಡಗಿದೆ. ಅರಬ್ಬೀ ಸಮುದ್ರಕ್ಕೆ ಇಂಗಿನ ಒಗ್ಗರಣೆ ಹಾಕಿದವನು ನಾನೊಬ್ಬನೇ ಇರಬೇಕು. ಮೇಲಿದ್ದ ತಿಮ್ಮಣ್ಣನಿಗೆ ನನ್ನ ಟೊಪ್ಪಿಗೆ ಮತ್ತು ಗಾಳದ ಕೋಲು ಮಾತ್ರ ಕಾಣುತ್ತಿದ್ದವು.

ಮೇ ಕೊನೆಯ ಭಾನುವಾರ. ಕಡಲು ಉಬ್ಬತೊಡಗಿತ್ತು, ಮುಂದಿನ ವಾರದಿಂದ ಬಂಡೆಗೆ ಇಳಿಯುವ ಹಾಗಿರಲಿಲ್ಲ. ಪೊಟ್ಟಣ ಕೊಡುತ್ತಾ ತಿಮ್ಮಣ್ಣ, "ನನ್ನ ಋಣ ತೀರ್ತು ಅಂತ ಕಾಣ್ತದೆ. ಇಷ್ಟು ವರ್ಷ ಕೊಟ್ಟ ಸಮುದ್ರ ನನ್ನ ಮೇಲೆ ಸಿಟ್ಟಾಗ್ಯದೆ" ಎಂದ. ನನಗೆ ನಾಚಿಕೆಯಾಯಿತು. ಹಿಟ್ಟಿನ ಡಬ್ಬಿ ತೆಗೆದು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ಡಬ್ಬಿಯನ್ನು ಮೂಸಿ ನೋಡಿದ. ಕಡಲಿನತ್ತ ತಿರುಗಿದ.

"ಎರಡು ತಿಂಗ್ಳು ಅದ್ಕೆ ಬೈದೆನಲ್ಲ ಮಾರಾಯ್ರೆ. ಮೊದ್ಲು ಸಮುದ್ರದ ಹತ್ರ ತಪ್ಪಾಯ್ತು ಅನ್ನಿ!"

ಅಂದೆ. ಅರವತ್ತನಾಲ್ಕರ ವಯಸ್ಸಿನಲ್ಲಿ, ಕೈ ಮುಗಿದು, ಜೋರಾಗಿ. ಆಮೇಲೆ ಕೆಳಗಿಳಿದು ಕಣ್ಣು ಮುಚ್ಚಿ ಸೆಟ್ಲಿಯೊಂದನ್ನು ಹಿಡಿದೆ. ತಣ್ಣಗೆ ಜಾರಿತು. ಮೇಲಿನಿಂದ ತಿಮ್ಮಣ್ಣ, "ಬಾಲದ ಬದಿಯಿಂದ ಚುಚ್ಚಿ... ಹೆದ್ರಬೇಡಿ, ಅದು ಸತ್ತು ಎರಡು ದಿನ ಆಯ್ತು" ಎಂದು ಕೂಗುತ್ತಿದ್ದ. ಚುಚ್ಚಿ ಎಸೆದೆ. ಮತ್ತೆ ಚುಚ್ಚಿದೆ, ಮತ್ತೆ ಎಸೆದೆ. ಮೂರು ತಾಸು, ಇಡೀ ಪೊಟ್ಟಣ. ಒಂದು ಮೀನೂ ಕಚ್ಚಲಿಲ್ಲ.

ಸೋತು ಸುಣ್ಣವಾಗಿ ಮೇಲೆ ಬಂದು, ಸೆಟ್ಲಿ ನಾರುವ ಕೈಯನ್ನು ಅವನ ಮುಂದೆ ಚಾಚಿದೆ. ತಿಮ್ಮಣ್ಣ ಅದನ್ನೇ ಹಿಡಿದುಕೊಂಡು ಎದ್ದು ನಿಂತ, ಮಂಡಿಯನ್ನೊಮ್ಮೆ ನೀವಿಕೊಂಡ.

"ಇವತ್ತು ನಾವು ಸರೀ ಮಾಡಿದ್ರೂ ಸಿಗ್ಲಿಲ್ಲ. ಹೀಗೆ ಸಿಗದಿದ್ರೆ ಬೇಜಾರಿಲ್ಲ," ಎಂದ. "ನಡೀರಿ, ಮನೆಗೆ ಹೋಗುವ."