ಜಯಮ್ಮನ ಎಂಟನೇ ಚಾನೆಲ್

2000ದ ದಶಕದ ನಡುವಿನ ವರ್ಷಗಳು. ಬೆಂಗಳೂರಿನ ಪಶ್ಚಿಮ ಭಾಗದ ರಾಜಕಾಲುವೆಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ನಾನು ಅಸಿಸ್ಟೆಂಟ್ ಎಕ್ಸಿಕ್ಯುಟಿವ್ ಎಂಜಿನಿಯರ್ ಆಗಿದ್ದೆ. ಕಚೇರಿ ವಿಜಯನಗರದಲ್ಲಿ, ಮನೆ ಬಸವೇಶ್ವರನಗರದಲ್ಲಿ. ರಾಜಕಾಲುವೆ ಎಂದರೆ ಊರಿನ ಮಳೆನೀರನ್ನೆಲ್ಲ ಹೊತ್ತೊಯ್ಯುವ ದೊಡ್ಡ ಕಾಲುವೆ. ಹೆಸರಿನಲ್ಲಿ ಮಾತ್ರ ರಾಜ. ಮಳೆ ಇಲ್ಲದ ದಿನ ಅದರಲ್ಲಿ ಹರಿಯುವುದು ಕೊಳಚೆ. ಜೋರು ಮಳೆ ಬಂದರೆ ರಾಜಾಜಿನಗರ, ವಿಜಯನಗರದ ಎತ್ತರದ ನೀರೆಲ್ಲ ಮೈಸೂರು ರಸ್ತೆಯ ಕಡೆಗೆ ಇಳಿದು, ಬಾಪೂಜಿ ನಗರದ ತಗ್ಗಿನ ಬೀದಿಗಳಿಗೆ ನುಗ್ಗುತ್ತಿತ್ತು.

ಅಂಥ ಒಂದು ಬೀದಿಯ ಕೊನೆಯ ಮನೆಯಲ್ಲಿ ಜಯಮ್ಮ ಇದ್ದರು. ವಯಸ್ಸು ಐವತ್ತರ ಹತ್ತಿರ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿದ್ದವು, ಮಾತೂ ನಿಂತಿತ್ತು. ಆದರೆ ಕಿವುಡರ ಶಾಲೆಯಲ್ಲಿ ಓದಿದವರು. ಕನ್ನಡವನ್ನು ನನಗಿಂತ ದುಂಡಗೆ ಬರೆಯುತ್ತಿದ್ದರು. ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುತ್ತಿದ್ದರು. ಜೊತೆಗಿದ್ದವನು ತಮ್ಮ ನಂಜಪ್ಪ, ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು.

ನಾನು ಅವರನ್ನು ಮೊದಲು ನೋಡಿದ್ದು ಒಂದು ಪ್ರವಾಹದ ಮಾರನೆಯ ದಿನ. ಆ ಕಾಲದಲ್ಲಿ ನೀರು ಏರಿದರೆ ನಮ್ಮ ಕಚೇರಿಯಿಂದ ಮೈಕ್ ಕಟ್ಟಿದ ಆಟೋ ಬೀದಿ ಬೀದಿಗೆ ಹೋಗಿ ಕೂಗುತ್ತಿತ್ತು. ಅಂದೂ ಕೂಗಿತ್ತು. ಬೀದಿಯವರೆಲ್ಲ ಎತ್ತರದ ಶಾಲೆಗೆ ಹೋಗಿದ್ದರು. ಜಯಮ್ಮ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಅಗರಬತ್ತಿ ಹೊಸೆಯುತ್ತ ಕೂತಿದ್ದರಂತೆ. ಪಕ್ಕದ ಮನೆಯ ಗಿರಿಜಮ್ಮ ಅರ್ಧ ದಾರಿಯಿಂದ ವಾಪಸ್ ಓಡಿಬಂದು, ಭುಜ ಹಿಡಿದು ಎಳೆದುಕೊಂಡು ಹೋಗಿದ್ದರು.

ನಂಜಪ್ಪ ನನ್ನ ಮೇಲೆ ರೇಗಾಡಿದ. "ಮೈಕು ಊರಿಗೆಲ್ಲ ಕೇಳಿಸ್ತು ಸಾರ್. ನಮ್ಮಕ್ಕಂಗೆ ಯಾರು ಹೇಳ್ತಾರೆ? ಗಿರಿಜಕ್ಕ ಇಲ್ದಿದ್ರೆ ಏನ್ ಗತಿ?"

ಆ ಮಾತು ನನಗೆ ನಾಟಿತು. ತಪ್ಪು ತಿಳಿಯಬೇಡಿ, ನಾನೇನು ದೊಡ್ಡ ಕರುಣಾಮಯಿ ಅಲ್ಲ. ಎಂಜಿನಿಯರ್ ಆದವನಿಗೆ ಒಂದು ಸಮಸ್ಯೆ ಸಿಕ್ಕರೆ ಕೈ ತುರಿಸುತ್ತದೆ, ಅಷ್ಟೇ. ಕೇಳದವರಿಗೆ ಕಾಣುವಂತೆ ಹೇಳಬೇಕು. ಕಾಣುವ ವಸ್ತು ಪ್ರತಿ ಮನೆಯಲ್ಲೂ ಇದೆಯಲ್ಲ, ಟಿ.ವಿ.! ಆಗಿನ್ನೂ ಸೆಟ್ ಟಾಪ್ ಬಾಕ್ಸ್ ಬಂದಿರಲಿಲ್ಲ. ಪ್ರತಿ ಬಡಾವಣೆಗೊಬ್ಬ ಕೇಬಲ್ ಆಪರೇಟರ್. ಅವನ ಕಂಟ್ರೋಲ್ ರೂಮಿನಿಂದ ಕಂಬಗಳ ಮೇಲೆ ತಂತಿ ಹಾಯ್ದು ಮನೆ ಮನೆಗೆ ಹೋಗುತ್ತಿತ್ತು. ತುರ್ತು ಎಚ್ಚರಿಕೆ ಕೊಡುವ ಹೊಣೆ ಅದುವರೆಗೆ ನಮ್ಮಂಥ ಕಚೇರಿಗಳದ್ದಾಗಿತ್ತು. ಅದನ್ನು ಕೇಬಲ್‌ನವರಿಗೂ ವಿಸ್ತರಿಸಬೇಕು ಎಂದು ನಾನು ಟಿಪ್ಪಣಿ ಬರೆದೆ.

ಬಾಪೂಜಿ ನಗರದ ಆಪರೇಟರ್ ಮಹೇಶ ಎಂಬುವನು. ಮೊದಲ ಸಭೆಯಲ್ಲೇ ಕೈ ಎತ್ತಿದ. "ಸ್ಯಾಟಲೈಟ್ ಚಾನೆಲ್ ಮೇಲೆ ನಾವ್ ಏನೂ ಹಾಕಂಗಿಲ್ಲ ಸಾರ್. ನಮ್ದೊಂದು ಲೋಕಲ್ ಚಾನೆಲ್ ಇದೆ, ಎಂಟನೇ ನಂಬರು. ಸೀರೆ ಅಂಗಡಿ, ಟ್ಯೂಷನ್ ಜಾಹೀರಾತು ಓಡ್ಸೋದು. ಅದ್ರಲ್ಲಿ ಬೇಕಾದ್ರೆ ಹಾಕ್ತೀನಿ."

ಆಗಲಿ ಎಂದೆ. ಆದೇಶದ ಕರಡು ತಯಾರಾಯಿತು. ಕಾಲುವೆಯ ಮೇಲ್ಭಾಗದ ಸೇತುವೆಗೆ ಕೆಂಪು ಗೆರೆ ಬಳಿದು, ರಾಮಯ್ಯ ಎಂಬ ಕಾವಲುಗಾರನನ್ನು ನಿಲ್ಲಿಸಿದೆವು. ನೀರು ಗೆರೆ ಮುಟ್ಟಿದರೆ ಅವನು ನನಗೆ ಫೋನ್ ಮಾಡಬೇಕು, ನಾನು ಮಹೇಶನಿಗೆ ಮಾಡಬೇಕು, ಅವನು ಹತ್ತು ನಿಮಿಷದೊಳಗೆ ಎಂಟನೇ ಚಾನೆಲ್‌ನಲ್ಲಿ ನೀಲಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿಸಬೇಕು. ಕರೆಂಟ್ ಹೋದರೆ ಏನು ಗತಿ ಎಂದು ಯಾರೋ ಕೇಳಿದರು. ಕಂಟ್ರೋಲ್ ರೂಮಿಗೆ ಯುಪಿಎಸ್ ಹಾಕಿಸಿದೆವು. ಮೈಕ್ ಆಟೋ ಕೂಡ ಮುಂದುವರಿಯತಕ್ಕದ್ದು ಎಂದು ಮೊದಲ ಕರಡಿನಲ್ಲಿ ಒಂದು ಸಾಲು ಬರೆದಿದ್ದೆ.

ಪರೀಕ್ಷೆ ನಡೆಸಿದ್ದು ಬೇಸಿಗೆಯ ಒಂದು ಬೆಳಿಗ್ಗೆ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಜಯಮ್ಮನ ಮನೆಯಲ್ಲೇ ನಿಂತು ಫೋನ್ ಮಾಡಿದೆ. ನಾಲ್ಕೇ ನಿಮಿಷ! ಟಿ.ವಿ. ನೀಲಿಯಾಯಿತು, ಅಕ್ಷರಗಳು ಮೂಡಿದವು: "ನೀರು ಬರುತ್ತಿದೆ. ಕೂಡಲೇ ಶಾಲೆಗೆ ಹೋಗಿ." ಜಯಮ್ಮ ಚಪ್ಪಾಳೆ ತಟ್ಟಿದರು. ನೋಟ್‌ಬುಕ್ ತೆಗೆದು ಬರೆದರು: "ಇನ್ನು ನನಗೂ ಎಲ್ಲರ ಜೊತೆಗೇ ಗೊತ್ತಾಗುತ್ತದೆ." ಅದರ ಕೆಳಗೆ ನಾನು ಬರೆದೆ: "ಮೋಡ ಕಟ್ಟಿದರೆ ಎಂಟನೇ ಚಾನೆಲ್ ಹಾಕಿಕೊಂಡು ಕಾಯಿರಿ." ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮನಿಗೆ ನಾನೇ ನಗುತ್ತ ಹೇಳಿದೆ: "ಇನ್ನು ನೀವು ಓಡಿ ಬರ್ಬೇಕಾಗಿಲ್ಲಮ್ಮ."

"ಸದ್ಯ, ನನ್ನ ಮಂಡಿನೋವಿಗೆ ಒಂದು ದಾರಿ ಆಯ್ತಲ್ಲ ಸಾರ್" ಎಂದು ಅವರೂ ನಕ್ಕರು.

ಪರೀಕ್ಷಾ ವರದಿ ನೋಡಿ ಮೇಲಧಿಕಾರಿ ಖುಷಿಯಾದರು. ಆದೇಶದ ಕರಡು ಓದುತ್ತ ಆಟೋದ ಸಾಲಿನ ಮೇಲೆ ಬೆರಳಿಟ್ಟರು. "ಎರಡೆರಡು ಯಾಕ್ರೀ? ಟಿ.ವಿ. ಮೇಲೆ ನಿಮಗೇ ನಂಬಿಕೆ ಇಲ್ಲ ಅಂದಂಗಾಗುತ್ತೆ." ನಾನು ವಾದ ಮಾಡಬಹುದಿತ್ತು, ಮಾಡಲಿಲ್ಲ. ಬೆನ್ನು ತಟ್ಟಿಸಿಕೊಳ್ಳುವ ಹೊತ್ತಿನಲ್ಲಿ ಯಾರು ವಾದ ಮಾಡುತ್ತಾರೆ? ಜೇಬಿನಿಂದ ಪೆನ್ನು ತೆಗೆದು ನಾನೇ ಆ ಸಾಲು ಹೊಡೆದು ಹಾಕಿದೆ.

ಮುಂಗಾರಿಗೆ ಮುಂಚಿನ ಮಳೆ ಬೆಂಗಳೂರಿಗೆ ಗುಡುಗು ಸಿಡಿಲಿನ ಜೊತೆಗೇ ಬರುತ್ತದೆ. ಆ ವರ್ಷವೂ ಹಾಗೇ ಬಂತು. ಮಧ್ಯಾಹ್ನ ಮೂರರ ಸುಮಾರಿಗೆ ಕತ್ತಲು ಕವಿಯಿತು. ಗುಡುಗಿನ ಅಬ್ಬರಕ್ಕೆ ಕಚೇರಿಯ ಕಿಟಕಿ ಗಾಜು ಅದುರುತ್ತಿತ್ತು. ನಾಲ್ಕು ಗಂಟೆಗೆ ರಾಮಯ್ಯನ ಫೋನ್ ಬಂತು. "ಸಾರ್, ಗೆರೆ ಮುಟ್ಟೋದಲ್ಲ, ದಾಟ್ತಾ ಇದೆ!"

ನಾನು ಗಾಬರಿಪಡಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ, ಈಗ ನಮ್ಮ ಕೆಲಸ ಜನ ನೋಡುತ್ತಾರೆ ಎಂದು. ಮಹೇಶನಿಗೆ ಫೋನ್ ಮಾಡಿದೆ.

"ಅಕ್ಷರ ಹಾಕ್ರೀ ಮಹೇಶ್, ಬೇಗ."

"ಈಗೆಲ್ಲಿ ಸಾರ್? ಕಂಟ್ರೋಲ್ ರೂಮ್ ಆಫ್ ಮಾಡಿ ಅರ್ಧ ಗಂಟೆ ಆಯ್ತು."

"ಆಫ್? ಯಾಕ್ರೀ?"

"ಗುಡುಗ್ತಾ ಇದೆಯಲ್ಲ ಸಾರ್!" ಅವನ ದನಿಯಲ್ಲಿ ಇದ್ದದ್ದು ಬರೀ ಆಶ್ಚರ್ಯ. "ಸಿಡಿಲು ತಂತೀಲಿ ಬಂದ್ರೆ ಮಷೀನೆಲ್ಲ ಸುಟ್ಟು ಹೋಗುತ್ತೆ. ಗುಡುಗಿದ್ರೆ ಆಫ್ ಮಾಡೋದು ಮೊದಲಿಂದ್ಲೂ ಇರೋದೇ ತಾನೆ? ಕಂಬದ ಮೇಲಿರೋ ಆಂಪ್ಲಿಫೈಯರ್ ಪಿನ್ನೂ ತೆಗೆಸಿದೀನಿ. ನಾನ್ ಈಗ ಆನ್ ಮಾಡಿದ್ರೂ ಬೀದಿಗೆ ಹೋಗಲ್ಲ. ಹೋದ್ರೂ ಮನೇಲಿ ಜನ ಕೇಬಲ್ ಪಿನ್ ಕಿತ್ತಿರ್ತಾರೆ."

ಅವನು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿಯೂ ಇರಲಿಲ್ಲ. ಅಯ್ಯೋ, ನನ್ನ ಮನೆಯಲ್ಲೇ ಮೊದಲ ಗುಡುಗಿಗೆ ನನ್ನ ಹೆಂಡತಿ ಒಲೆ ಬಿಟ್ಟು ಓಡಿಬಂದು ಟಿ.ವಿ.ಯ ಹಿಂದೆ ಕೈ ಹಾಕಿ ಪಿನ್ ಕೀಳುತ್ತಿದ್ದಳು. ಆಕೆಯ ಕೈ ತುಂಬಿದ್ದಾಗ ಎಷ್ಟೋ ಸಲ ನಾನೇ ಕಿತ್ತಿದ್ದೇನೆ. ಬೆಂಗಳೂರಿನಲ್ಲಿ ಅದು ಗೊತ್ತಿಲ್ಲದ ಮನೆ ಯಾವುದಿತ್ತು? ಸಭೆಗಳಲ್ಲಿ ಕೂತಿದ್ದವರೆಲ್ಲರ ಮನೆಯಲ್ಲೂ ಅದೇ ರೂಢಿ. ಒಬ್ಬರ ಬಾಯಿಂದಲೂ ಆ ಮಾತು ಬರಲಿಲ್ಲ. ಮಳೆಗೆಂದು ಮಾಡಿದ ವ್ಯವಸ್ಥೆಯನ್ನು ಬಿಸಿಲಿನಲ್ಲಿ ಪರೀಕ್ಷೆ ಮಾಡಿ ಸಹಿ ಹಾಕಿದೆನಲ್ಲ, ನನ್ನ ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದೆ?

ಮೈಕ್ ಆಟೋದವನಿಗೆ ಫೋನ್ ಮಾಡಿದೆ. ಅವನು ಬಾಡಿಗೆ ಹಿಡಿದು ಕೆಂಗೇರಿಗೆ ಹೋಗಿದ್ದ. "ನೀವೇ ಬೇಡ ಅಂದ್ರಲ್ಲ ಸಾರ್, ಮೈಕ್ ಬಿಚ್ಚಿ ತಿಂಗಳಾಯ್ತು" ಎಂದ. ಜೀಪ್ ಹತ್ತಿ ಹೊರಟೆ. ಮೈಸೂರು ರಸ್ತೆಯಲ್ಲಿ ಬಸ್ಸು ಲಾರಿಗಳು ನೀರಿನಲ್ಲಿ ನಿಂತುಬಿಟ್ಟಿದ್ದವು. ದೀಪಾಂಜಲಿ ನಗರದ ಹತ್ತಿರ ಜೀಪ್ ಬಿಟ್ಟು ನಡೆದೆ, ನಡೆದೆ ಎನ್ನುವುದಕ್ಕಿಂತ ಎಡವುತ್ತ ಓಡಿದೆ. ನಾನು ತಲುಪುವಷ್ಟರಲ್ಲಿ ಕಾಲುವೆಯ ತಡೆಗೋಡೆ ಕುಸಿದು, ಬೀದಿಯ ಆ ತುದಿಯಲ್ಲಿ ನೀರು ಕಿಟಕಿಯ ಮಟ್ಟಕ್ಕೆ ಬಂದಿತ್ತು.

ಶಾಲೆಯ ಮೆಟ್ಟಿಲ ಮೇಲೆ ಬೀದಿಯವರು ಒದ್ದೆಯಾಗಿ ನಿಂತಿದ್ದರು. ಗೋಡೆ ಬಿದ್ದ ಸದ್ದು ಕೇಳಿ ಎದ್ದುಬಿದ್ದು ಓಡಿಬಂದವರು. ನಾನು ಗಿರಿಜಮ್ಮನನ್ನು ಹುಡುಕಿದೆ.

"ಜಯಮ್ಮ ಎಲ್ಲಿ?"

ಅವರು ಸುತ್ತ ನೋಡಿದರು. ಮತ್ತೊಮ್ಮೆ ನೋಡಿದರು. "ಅವಳು ಮುಂಚೇನೇ ಬಂದಿರ್ಬೇಕಲ್ಲ ಸಾರ್... ಟಿ.ವಿ.ಲಿ ಬರುತ್ತಲ್ಲ, ನೋಡ್ಕೊಂಡು ನಮಗಿಂತ ಮೊದ್ಲೇ ಹೊರಟಿರ್ತಾಳೆ ಅಂದ್ಕೊಂಡೆ." ಹೇಳುತ್ತ ಹೇಳುತ್ತ ಅವರ ಮುಖ ಬಿಳುಚಿಕೊಂಡಿತು.

ಅಗ್ನಿಶಾಮಕ ದಳದವರು ಬಂದು ಬಾಗಿಲು ಒಡೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಳೆಯ ಎರಚಲು ಬಾರದಂತೆ ಜಯಮ್ಮ ಒಳಗಿನಿಂದ ಚಿಲಕ ಹಾಕಿದ್ದರು. ನೀರಿನ ಒತ್ತಡಕ್ಕೆ ಆಮೇಲೆ ಅದನ್ನು ತೆಗೆಯಲು ಆಗಿರಲಿಲ್ಲ. ಚಿಲಕದ ಸುತ್ತ ಬಣ್ಣ ಕೆರೆದು ಹೋಗಿತ್ತು.

ನೀರು ಇಳಿದ ಮೇಲೆ, ಶಿಫ್ಟ್‌ನಿಂದ ಓಡಿಬಂದಿದ್ದ ನಂಜಪ್ಪನ ಜೊತೆ ಒಳಗೆ ಹೋದೆ. ಅಗರಬತ್ತಿಯೆಲ್ಲ ಕರಗಿ ನೆಲ ಕಪ್ಪಾಗಿತ್ತು, ಕೊಳಚೆಯ ನಾತದ ನಡುವೆಯೂ ಪರಿಮಳ ಬರುತ್ತಿತ್ತು. ಟಿ.ವಿ., ಅದರ ಪ್ಲಗ್ ಎರಡೂ ಎತ್ತರದ ಗೂಡಿನಲ್ಲಿದ್ದವು, ಒದ್ದೆಯಾಗಿರಲಿಲ್ಲ. ಅದು ಇನ್ನೂ ಆನ್ ಆಗೇ ಇತ್ತು. ಆ ಬೀದಿಯಲ್ಲಿ ಅಂದು ಕರೆಂಟ್ ಕೂಡ ಹೋಗಿರಲಿಲ್ಲ! ಪರದೆಯ ಮೂಲೆಯಲ್ಲಿ ಎಂಟು ಎಂಬ ಅಂಕಿ. ಉಳಿದದ್ದೆಲ್ಲ ಬರೀ ಚುಕ್ಕೆ. ಬೀದಿಯವರೆಲ್ಲ ಗುಡುಗಿಗೆ ಪಿನ್ ಕಿತ್ತಿದ್ದರು. ಗುಡುಗು ಕೇಳದ ಜಯಮ್ಮ ಒಬ್ಬರೇ ಕಿತ್ತಿರಲಿಲ್ಲ. ಚುಕ್ಕೆಗಳ ನಡುವೆ ಅಕ್ಷರ ಮೂಡುತ್ತದೆ ಎಂದು ಕಾಯುತ್ತ ಕೂತಿದ್ದಿರಬೇಕು. ಕಾಯಿರಿ ಎಂದು ಬರೆದುಕೊಟ್ಟವನು ನಾನು.

ವಿಚಾರಣೆ ನಡೆಯಿತು. ಸಂದೇಶ ಬಂದ ಹತ್ತು ನಿಮಿಷದೊಳಗೆ ಪ್ರಸಾರ ಮಾಡತಕ್ಕದ್ದು ಎಂದು ಆದೇಶದಲ್ಲಿತ್ತು. ಗುಡುಗಿನಲ್ಲಿ ಯಂತ್ರ ಆರಿಸಬಾರದು ಎಂದು ಎಲ್ಲೂ ಇರಲಿಲ್ಲ. ಹೀಗಾಗಿ ಮಹೇಶನ ತಪ್ಪಿಲ್ಲ, ಕಚೇರಿಯ ತಪ್ಪಿಲ್ಲ, ನನ್ನದೂ ಇಲ್ಲವಂತೆ. ನೈಸರ್ಗಿಕ ವಿಕೋಪ ಎಂದು ಬರೆದು ಎಲ್ಲರೂ ಕೈ ತೊಳೆದುಕೊಂಡರು. ಗುಡುಗಿದಾಗ ಕೇಬಲ್ ಇರುವುದಿಲ್ಲ, ಮೈಕ್ ಆಟೋ ಮರಳಿ ಬೇಕು ಎಂದು ನಾನು ಎರಡು ಪುಟದ ಟಿಪ್ಪಣಿ ಬರೆದೆ. ಮುಂದಿನ ವರ್ಷ ಅದೇ ಆದೇಶವನ್ನು, ಒಂದಕ್ಷರ ಬದಲಿಸದೆ, ನಮ್ಮ ವಿಭಾಗದ ಎಲ್ಲ ಕೇಬಲ್ ಆಪರೇಟರುಗಳಿಗೂ ವಿಸ್ತರಿಸಿದರು. ಬಿಸಿಲಿನ ದಿನದ ಪರೀಕ್ಷಾ ವರದಿ ಕಡತದ ಮೇಲೇ ಇತ್ತು. ನನ್ನ ಟಿಪ್ಪಣಿ ಅಡಿಯಲ್ಲಿತ್ತು. ಎತ್ತಿ ಮೇಲಿಡಿ ಎಂದು ಎಷ್ಟು ಬಾಗಿಲು ತಟ್ಟಿದೆನೋ. ವರ್ಗಾವಣೆ ಸಿಕ್ಕಿತು.

ವರ್ಗವಾಗಿ ಹೋಗುವ ಮುನ್ನ ನಂಜಪ್ಪನನ್ನು ನೋಡಲು ಹೋದೆ. ಬೈಯುತ್ತಾನೆ, ಹೊಡೆದರೂ ಹೊಡೆಸಿಕೊಳ್ಳೋಣ ಎಂದುಕೊಂಡೇ ಹೋಗಿದ್ದೆ. ಅವನು ಕಾಫಿ ತರಿಸಿದ. ಆಟೋ ಸಾಲು ಹೊಡೆದು ಹಾಕಿದ್ದು ನಾನೇ ಎಂದು ಹೇಳಿದೆ. ಅವನು ಲೋಟ ಕೆಳಗಿಟ್ಟ.

"ಮೈಕ್ ಆಟೋ ಬಂದಿದ್ರೂ ಅಕ್ಕಂಗೆ ಕೇಳಿಸ್ತಿರ್ಲಿಲ್ಲ, ಬಿಡಿ ಸಾರ್" ಎಂದ. ಆಮೇಲೆ ತಲೆ ಎತ್ತದೆ ಹೇಳಿದ: "ಗಿರಿಜಕ್ಕಂಗೆ ಕೇಳಿಸ್ತಿತ್ತು."

ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಹೊಸದನ್ನು ತರುವ ಮುನ್ನ ಹಳೆಯದು ಯಾರ ಕಿವಿಗೆ ಬಿದ್ದು ಯಾರನ್ನು ಎಬ್ಬಿಸುತ್ತಿತ್ತು ಎಂದು ಆ ಬೀದಿಯಲ್ಲೇ ನಿಂತು ಕೇಳಬೇಕು ಎಂಬುದು ಕೆಲಸ ನನಗೆ ಕಲಿಸಿದ ಪಾಠ. ಕಲಿತು ಏನು ಬಂತು? ಜಯಮ್ಮ ಎದ್ದು ಬರುವುದಿಲ್ಲ. ಗಿರಿಜಮ್ಮ ಆ ಬೀದಿ ಬಿಟ್ಟು ಹೋದರಂತೆ. ನಮ್ಮ ಮನೆಯಲ್ಲಿ ಈಗಲೂ ಗುಡುಗಿದರೆ ಹೆಂಡತಿ ಒಳಗಿನಿಂದ ಕೂಗುತ್ತಾಳೆ: "ರೀ, ಸ್ವಲ್ಪ ಪಿನ್ ಕೀಳಿ." ನನ್ನ ಕೈ ಏಳುವುದಿಲ್ಲ. ಆಕೆಯೇ ಬಂದು ಕಿತ್ತು ಹೋಗುತ್ತಾಳೆ.