ತಂಗಿಯ ಹಾಡಿಗೆ ಕೂತ ಪಂಚಾಯಿತಿ

ಹೈದರಾಬಾದಿನ ಒಂದು ಕಾಲೇಜಿನ ಹುಡುಗ ಹುಡುಗಿಯರು ದೇವರ ಹಾಡು ಹಾಡಲು ನಮ್ಮ ಕಡೆ ಬರುತ್ತಾರೆ ಎಂದು ಗೊತ್ತಾದ ದಿನದಿಂದ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆ ಗುಂಪಿನಲ್ಲಿ ನನ್ನ ತಂಗಿ ಇದ್ದಳು.

ನಾವು ಮುದನಾಳದವರು, ಕುರಿ ಕಾಯುವವರು. ನಿಜಾಮನ ರಾಜ್ಯ ಮುಳುಗುವ ಹೊತ್ತಿನಲ್ಲಿ ಬಂದೂಕು ಹಿಡಿದವರು ಹಳ್ಳಿ ಹಳ್ಳಿ ಹೊಕ್ಕು ಸುಲಿಯುತ್ತಿದ್ದರು. ಆಗ ನಮ್ಮ ಹಟ್ಟಿಯವರೆಲ್ಲ ಕುರಿ ಹೊಡೆದುಕೊಂಡು ಭೀಮಾ ಹೊಳೆ ದಾಟಿ ವಿಜಾಪುರ ಸೀಮೆಗೆ ಹೋದರು. ತಂಗಿಗೆ ಜ್ವರ ಬಂದು ಮೈಮೇಲೆ ಎಚ್ಚರ ಇರಲಿಲ್ಲ. ಅವ್ವ ಅವಳನ್ನು ಯಾದಗಿರಿಯ ಪಾದ್ರಿಗಳ ದವಾಖಾನೆಯಲ್ಲಿ ಮಲಗಿಸಿ ಬಂದಳು. ಹೊತ್ತುಕೊಂಡು ಹೋಗಿದ್ದರೆ ದಾರಿಯಲ್ಲೇ ಸಾಯುತ್ತಿದ್ದಳು. ಗಲಾಟೆ ಮುಗಿದು ನಾವು ತಿರುಗಿ ಬರುವಷ್ಟರಲ್ಲಿ ಅವಳು ಅಲ್ಲಿನ ಬೋರ್ಡಿಂಗಿನಲ್ಲಿ ಓದುತ್ತಿದ್ದಳು. ಮನೆಗೆ ಬಾ ಎಂದರೆ ರಜೆಗೆ ಬರುತ್ತೇನೆ ಎಂದಳು. ಓದಿ ಓದಿ ಹೈದರಾಬಾದಿನ ಕಾಲೇಜು ಸೇರಿದಳು. ನಾನು ಸಾಲಿಗೆ ಹೋದದ್ದು ಎರಡು ಮಳೆಗಾಲ. ಅಲ್ಲಿ ಉರ್ದು ಕಲಿಸುತ್ತಿದ್ದರು, ತಲೆಗೆ ಹತ್ತಲಿಲ್ಲ. ಕನ್ನಡ ಅಕ್ಷರ ಆಮೇಲೆ ಕಲಿತೆ.

ಹಟ್ಟಿಯಲ್ಲಿ ಮೊದಲಿನಿಂದಲೂ ಗುಸುಗುಸು ಇತ್ತು. ಹುಡುಗಿ ಕುಲ ಬಿಟ್ಟಿದ್ದಾಳೆ, ಪಾದ್ರಿಗಳ ಕೈಯಿಂದ ತಲೆಗೆ ನೀರು ಹಾಕಿಸಿಕೊಂಡು ಅವರ ದೇವರಿಗೆ ಸೇರಿದ್ದಾಳೆ ಎಂದು. ಕಣ್ಣಿಗೆ ಕಾಣುತ್ತಿರಲಿಲ್ಲವಾದ್ದರಿಂದ ಯಾರೂ ಪಂಚಾಯಿತಿ ಕೂಡಿಸಿರಲಿಲ್ಲ. ಈಗ ಅವಳು ಎಲ್ಲರ ಕಣ್ಣ ಮುಂದೆ ನಿಂತು ಪಾದ್ರಿಗಳ ಹಾಡು ಹಾಡುವವಳಿದ್ದಳು. ಹಟ್ಟಿಯ ಹಿರಿಯ, ನಾವೆಲ್ಲ ಮುತ್ಯಾ ಎಂದು ಕರೆಯುವವನು, ಅವ್ವನಿಗೆ ಹೇಳಿ ಕಳಿಸಿದ. ತಾನು ಬಂದು ಕೇಳುತ್ತೇನೆ, ಕೇಳಿ ಅಲ್ಲೇ ಫೈಸಲಾ ಮಾಡುತ್ತೇನೆ ಎಂದ.

ಒಂದು ಮನೆಯನ್ನು ಕುಲದಿಂದ ಹೊರಗೆ ಹಾಕಿದರೆ ಏನಾಗುತ್ತದೆ ಎಂದು ಊರಿನವರಿಗೆ ತಿಳಿಯದು. ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ. ಅದನ್ನಾದರೂ ತಡೆದುಕೊಳ್ಳಬಹುದು. ಬೇಸಿಗೆಯಲ್ಲಿ ಎಲ್ಲರ ಕುರಿ ಕೂಡಿಸಿ ಹೊಳೆಯ ಕಡೆ ಹೊಡೆದುಕೊಂಡು ಹೋಗುತ್ತೇವೆ. ಒಬ್ಬ ಮಲಗಿದರೆ ಇನ್ನೊಬ್ಬ ಕಾಯುತ್ತಾನೆ. ಹೊರಗೆ ಹಾಕಿಸಿಕೊಂಡವನು ಒಬ್ಬನೇ ಹೋಗಬೇಕು. ತೋಳಕ್ಕೆ ಒಂಟಿ ಹಿಂಡು ಗೊತ್ತಾಗುತ್ತದೆ. ಕಳ್ಳರಿಗೂ ಗೊತ್ತಾಗುತ್ತದೆ. ನಮ್ಮ ಅಪ್ಪ ಸತ್ತಿದ್ದ. ಮನೆಯಲ್ಲಿ ಗಂಡಸು ಎಂದರೆ ನಾನೊಬ್ಬನೇ.

ಗುಂಪು ಮೊದಲು ಸುರಪುರದಲ್ಲಿ ಹಾಡಿತು. ಅಲ್ಲಿಂದ ಬಂದ ಉಣ್ಣೆ ಕೊಳ್ಳುವವನು ಕಟ್ಟೆಯ ಮೇಲೆ ಕೂತು ಸುದ್ದಿ ಹೇಳಿದ. ಸಾಲಾಗಿ ನಿಂತರಂತೆ, ಎಲ್ಲರದೂ ಒಂದೇ ತರದ ಬಟ್ಟೆ. ಎದುರಿಗೆ ಒಬ್ಬ ಮಾಸ್ತರ ಸಣ್ಣ ಕೋಲು ಎತ್ತಿದನಂತೆ. ಅಷ್ಟೂ ಜನ ಒಮ್ಮೆಲೇ ದನಿ ತೆಗೆದರಂತೆ. ಹಿಂದೆ ಕೂತಿದ್ದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿದರಂತೆ. ಕೇಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಒಂದೇ ತರದ ಬಟ್ಟೆ, ಸಾಲು, ಕೋಲು, ಕೂಗು. ಬಂದೂಕಿನವರೂ ಹೀಗೇ ಬಂದಿದ್ದರು, ಆ ಗಲಾಟೆ ನೋಡಿದವರು ಓಡದೆ ಏನು ಮಾಡುತ್ತಾರೆ? ಓಡಿದವರು ಆಮೇಲೆ ತಿರುಗಿ ಬಂದು ಕೂತರಂತೆ. ಮೈ ಜುಂ ಎಂದಿತು, ಆದರೆ ಯಾವ ದೇವರಿಗೆ ಹಾಡಿದರೋ ತಿಳಿಯಲಿಲ್ಲ ಎಂದರಂತೆ.

ಶಹಾಪುರದ ಸುದ್ದಿ ಬೇರೆ ಇತ್ತು. ಅಲ್ಲಿ ಪಾದ್ರಿಗಳ ಹಾಡಿನ ಜೊತೆ ಶರಣರ ಒಂದು ವಚನವನ್ನೂ ಹಾಡಿದ್ದರು. ಅಂಗಡಿಯವರಲ್ಲಿ ಜಗಳ ಹತ್ತಿತಂತೆ. ಶರಣರ ಮಾತನ್ನು ನಾಲ್ಕು ತುಂಡು ಮಾಡಿ ನಾಲ್ಕು ದನಿಗೆ ಹಂಚಿದ್ದಾರೆ, ಇದು ಅಪಚಾರ ಎಂದು ಒಬ್ಬ ಬಟ್ಟೆ ವ್ಯಾಪಾರಿ ಎದ್ದುಹೋದನಂತೆ. ಅವನ ಸ್ವಂತ ತಮ್ಮ ಕಣ್ಣೀರು ಒರೆಸಿಕೊಳ್ಳುತ್ತ ಕೂತಿದ್ದನಂತೆ. ದೇವರ ಹಾಡನ್ನು ಕೂತು ಹಾಡಬೇಕು, ನಿಂತು ಹಾಡುವುದು ನಾಟಕ ಎಂದು ಕೆಲವರು. ನಿಂತರೇನು, ಉಸಿರು ಚೆನ್ನಾಗಿ ಹೋಗುತ್ತದೆ ಎಂದು ಕೆಲವರು. ಇದನ್ನು ಕೇಳಿ ನನ್ನ ಹೆದರಿಕೆ ಹೆಚ್ಚಾಯಿತು. ಓದಿದವರೇ ಹೀಗೆ ಕಚ್ಚಾಡಿದರೆ ನಮ್ಮ ಮುತ್ಯಾ ಏನು ಮಾಡುತ್ತಾನೆ?

ಯಾದಗಿರಿಯಲ್ಲಿ ಸಾಲಿಯ ಅಂಗಳದಲ್ಲಿ ಹಾಡು. ಹೊತ್ತು ಇಳಿಯುವ ವೇಳೆ. ಮುತ್ಯಾ ಕಂಬಳಿ ಹೊದ್ದು ಬಂದ. ಅವನ ಪಕ್ಕದಲ್ಲಿ ನಮ್ಮ ಡೊಳ್ಳಿನ ಮೇಳದ ಮುಂದಾಳು ಬಂದು ಕೂತ. ಅವನನ್ನು ನಾನು ಕಾಕಾ ಎನ್ನುತ್ತೇನೆ. ಹಟ್ಟಿಯ ಇನ್ನೊಂದಿಷ್ಟು ಗಂಡಸರು ಹಿಂದೆ ಕೂತರು. ಅವ್ವ ಸೆರಗಿನ ತುದಿ ಬಾಯಲ್ಲಿ ಇಟ್ಟುಕೊಂಡು ಹೆಂಗಸರ ಕಡೆ ಕೂತಳು.

ತಂಗಿ ಎರಡನೇ ಸಾಲಿನಲ್ಲಿ ನಿಂತಿದ್ದಳು. ಬಿಳಿ ಸೀರೆ. ಎಡಕ್ಕೆ ಹುಡುಗಿಯರು, ಬಲಕ್ಕೆ ಹುಡುಗರು. ಮಾಸ್ತರ ಕೋಲು ಎತ್ತಿದ. ಹಾಡು ಹೇಗಿತ್ತು ಎಂದು ನನ್ನನ್ನು ಕೇಳಬೇಡಿ. ನಾನು ಕೇಳಲಿಲ್ಲ. ನಾನು ಮುತ್ಯಾನ ಮುಖ ನೋಡುತ್ತಿದ್ದೆ.

ಮೊದಲು ಅವನ ಹುಬ್ಬು ಗಂಟಾಯಿತು. ಆಮೇಲೆ ಸಡಿಲವಾಯಿತು. ಅವನು ಕಾಕಾನ ತೊಡೆ ತಟ್ಟಿ ಏನೋ ಹೇಳಿದ. ಕಾಕಾ ತಲೆ ಅಲ್ಲಾಡಿಸಿದ. ಇಬ್ಬರೂ ಮುಂದಕ್ಕೆ ಬಗ್ಗಿ ಕೂತರು. ಹುಡುಗಿಯರು ದನಿ ಏರಿಸಿದಾಗ ಮುತ್ಯಾ ಎಡಕ್ಕೆ ಬೆರಳು ತೋರಿಸಿದ. ಹುಡುಗರ ದಪ್ಪ ದನಿ ಎದ್ದಾಗ ಕಾಕಾ ಬಲಕ್ಕೆ ತೋರಿಸಿದ. ಸ್ವಲ್ಪ ಹೊತ್ತಿಗೆ ನನಗೆ ಅರ್ಥವಾಯಿತು. ಅವರು ಇದನ್ನು ಪಂದ್ಯ ಎಂದು ತಿಳಿದಿದ್ದರು.

ನಮ್ಮ ಡೊಳ್ಳಿನ ಹಾಡಿಗೆ ಎರಡು ಮೇಳ ಬೇಕು. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಎದುರಿನ ಮೇಳ ಹೆಣ್ಣು ಹೆಚ್ಚು ಎನ್ನುತ್ತದೆ. ಒಬ್ಬ ಮುಂದೆ ನಿಂತು ಸವಾಲು ಹಾಕುತ್ತಾನೆ, ಅವನ ಹಿಂದಿನವರು ದನಿ ಹಿಡಿಯುತ್ತಾರೆ. ಆ ಕಡೆಯವರು ಜವಾಬು ಕೊಡಬೇಕು. ಬೆಳಗಾಗುವ ತನಕ ನಡೆಯುತ್ತದೆ. ಈ ಹಾಡಿನಲ್ಲೂ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು. ಹಾಡು ಮುಗಿದಾಗ ಊರಿನವರು ಚಪ್ಪಾಳೆ ಹೊಡೆದರು. ನಮ್ಮವರು ಹೊಡೆಯಲಿಲ್ಲ. ಯಾರು ಗೆದ್ದರು ಎಂದು ಅವರಲ್ಲಿ ವಾದ ಹತ್ತಿತ್ತು. ಹೆಣ್ಣಿನ ಮೇಳ ಗೆದ್ದಿತು ಎಂದ ಮುತ್ಯಾ. ಕಡೆಯ ದನಿ ಗಂಡಿನದು, ಅವರೇ ಮುಚ್ಚಿದರು, ಅವರದೇ ಗೆಲುವು ಎಂದ ಕಾಕಾ. ನಡುವೆ ಒಬ್ಬ, ಎರಡೂ ಮೇಳ ಒಮ್ಮೆಲೇ ಕೂಗಿದರೆ ಜವಾಬು ಕೇಳುವವರು ಯಾರು, ಇದು ಹಾಡೇ ಅಲ್ಲ, ಸಂತೆ ಎಂದ. ನನಗೆ ಸ್ವಲ್ಪ ಧೈರ್ಯ ಬಂತು. ಇದೇ ವಾದದಲ್ಲಿ ಹೊತ್ತು ಮುಳುಗಿ ಎಲ್ಲ ಮರೆತು ಮನೆಗೆ ಹೋಗಲಿ ಎಂದು ನಮ್ಮ ಕುಲದೇವರು ಬೀರಪ್ಪನಿಗೆ ಬೇಡಿಕೊಂಡೆ.

ಅಷ್ಟರಲ್ಲಿ ಮಾಸ್ತರ ಮುಂದೆ ಬಂದು, ಹಾಡಿದ ಹಾಡಿನ ಅರ್ಥ ಕನ್ನಡದಲ್ಲಿ ಹೇಳಿದ. ದೇವರು ಕುರುಬ, ನಾವೆಲ್ಲ ಅವನ ಕುರಿ ಎಂದು. ನಮ್ಮನ್ನು ನೋಡಿ ನಕ್ಕ. ನಾವು ಖುಷಿ ಪಡುತ್ತೇವೆ ಎಂದುಕೊಂಡಿದ್ದ. ಮುತ್ಯಾ ಎದ್ದು ನಿಂತ.

"ದೇವರು ಕುರಿ ಕಾಯ್ತಾನಂತ. ನಾವೂ ಕಾಯ್ತೀವಿ. ಯಾಕ ಕಾಯ್ತೀವಿ? ಉಣ್ಣಿ ಕತ್ತರಿಸಾಕ, ಸಂತಿಗಿ ಹೊಡಿಯಾಕ. ಅಂಥಾ ದೇವರ ಕೈಯಾಗ ನಾ ಸಿಗಂಗಿಲ್ಲ."

ಕೂತಿದ್ದ ಜನ ಗೊಳ್ಳೆಂದರು. ಮಾಸ್ತರನ ನಗು ಹೋಯಿತು. ಮುತ್ಯಾ ನಗಲಿಲ್ಲ. ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ಕಂಬಳಿ ಹಾಸಿ ಕೂತ. ಕಂಬಳಿ ಹಾಸಿದರೆ ಪಂಚಾಯಿತಿ ಕೂಡಿತು ಎಂದೇ ಅರ್ಥ. ತಂಗಿಯನ್ನು ಕರೆತರಲು ನನ್ನನ್ನೇ ಕಳಿಸಿದರು.

ಅವಳು ಬಂದು ಕಂಬಳಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಅದನ್ನು ಮರೆತಿರಲಿಲ್ಲ. ಮುತ್ಯಾ ಬಯ್ಯಲಿಲ್ಲ. ನಿನ್ನ ಪಾಲಿನದು ಎಷ್ಟು ಹಾಡಿದಿ, ಅಷ್ಟನ್ನೇ ಹಾಡು, ಯಾರ ಹೆಸರು ಅದರಲ್ಲಿ ಇದೆ ನೋಡೋಣ ಎಂದ. ಗುಂಪಿಲ್ಲದೆ ಹಾಡಿದರೆ ಚೆನ್ನಾಗಿರುವುದಿಲ್ಲ ಎಂದಳು. ಆದರೂ ಹಾಡು ಎಂದರು. ಹಾಡಿದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದೇ ಕಡೆ ನಿಂತು ಗುಂಯ್ ಎಂದಿತು, ಎಲ್ಲೋ ಒಂದು ಕಡೆ ಸ್ವಲ್ಪ ಸರಿಯಿತು, ಮತ್ತೆ ನಿಂತಿತು. ರಾಗವೇ ಇಲ್ಲ. ಮಾತು ಇಂಗ್ಲಿಷ್. ಬೀಸುವ ಕಲ್ಲಿನ ಮುಂದೆ ನಮ್ಮವ್ವ ಇದಕ್ಕಿಂತ ಚಂದ ಹಾಡುತ್ತಾಳೆ ಎಂದು ಹಿಂದಿನಿಂದ ಒಬ್ಬ ಅಂದ.

ಕಾಕಾನಿಗೆ ಮಾತ್ರ ಮುಖ ಅರಳಿತು. ಅವನು ನಮ್ಮ ಅಪ್ಪನ ಗೆಳೆಯ. ನಮ್ಮನ್ನು ಉಳಿಸಲು ದಾರಿ ಹುಡುಕುತ್ತಿದ್ದ.

"ಆಕಿ ಹಿಮ್ಮೇಳದಾಕಿ ಮುತ್ಯಾ. ಹಿಮ್ಮೇಳದವರಿಗಿ ಏನ್ ಕೇಳ್ತಿ? ಮುಂದ ನಿಂತಾವ ಮಾತ್ ಹೇಳ್ತಾನ, ಇವರು ಹಿಂದ ಊಂ ಅಂತಾರ."

ಅದು ಖರೆ. ನಮ್ಮ ಮೇಳದಲ್ಲಿ ಸವಾಲು ತಪ್ಪಾದರೆ ಮುಂದಿನವನಿಗೆ ಬಯ್ಯುತ್ತಾರೆ. ಹಿಂದೆ ದನಿ ಹಿಡಿದವರನ್ನು ಯಾರೂ ಕೇಳುವುದಿಲ್ಲ. ಮುತ್ಯಾ ಗಡ್ಡ ನೀವಿಕೊಂಡ. ಹಾಗಾದರೆ ತಪ್ಪಿಲ್ಲ ಎಂದು ಸುತ್ತಲಿನವರೂ ಅಂದರು. ನಾನು ಉಸಿರು ಬಿಟ್ಟೆ. ತಂಗಿ ಸುಮ್ಮನೆ ತಲೆ ಬಗ್ಗಿಸಿದ್ದರೆ ಮುಗಿಯುತ್ತಿತ್ತು.

ಅವಳು ತಲೆ ಎತ್ತಿದಳು. ಆ ಮುಖ ನನಗೆ ಗೊತ್ತು. ನಮ್ಮ ಮನೆಯಲ್ಲಿ ಎಲ್ಲರದೂ ಅದೇ ಹಟದ ಮುಖ. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ.

"ಹಿಮ್ಮೇಳದಾಕಿ ಅಲ್ರಿ ನಾ. ನಮ್ಮೊಳಗ ಮುಂದಿನವರು ಹಿಂದಿನವರು ಇಲ್ಲ. ನಾ ಹಾಡಿದ್ದಕ್ಕ ನಾನ ಜವಾಬ್ದಾರಿ."

ಕಾಕಾ ಹಣೆಗೆ ಕೈ ಹಚ್ಚಿಕೊಂಡ. ನನ್ನ ಕಣ್ಣಿಗೆ ಒಂಟಿ ಹಿಂಡು ಕಂಡಿತು, ಹೊಳೆದಂಡೆ ಕಂಡಿತು, ನಾನು ನಿದ್ದೆ ಇಲ್ಲದೆ ಬಡಿಗೆ ಹಿಡಿದು ಕೂತದ್ದು ಕಂಡಿತು. ಅವಳ ಬಾಯಿ ಮುಚ್ಚಬೇಕು ಅನಿಸಿತು.

ಹಾಗಾದರೆ ನೀನೇ ಮುಂದಾಳು, ನಿನ್ನನ್ನೇ ಕೇಳುತ್ತೇವೆ, ನೀನು ಹಿಂಡು ಬಿಟ್ಟಿದ್ದೀಯೋ ಇಲ್ಲವೋ ಎಂದ ಮುತ್ಯಾ. ದನಿ ಗಟ್ಟಿಯಾಗಿತ್ತು. ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನೆಲ ನೋಡಿದಳು. ಸೀರೆಯ ನೆರಿಗೆಯನ್ನು ಮುದುಡಿ ಮುದುಡಿ ಬಿಡುತ್ತಿದ್ದಳು. ಅವಳೂ ಹೆದರಿದ್ದಾಳೆ ಎಂದು ನನಗೆ ಆಗಲೇ ಗೊತ್ತಾದದ್ದು.

"ಮುತ್ಯಾ, ಒಂದು ಕುರಿಗಿ ಜ್ವರ ಬಂದು ಬಿದ್ದಿತ್ತು. ಹಿಂಡು ಹೊಳಿ ದಾಟಿ ಹೋತು. ಕುರಿ ಹಿಂಡು ಬಿಡ್ತೋ, ಹಿಂಡು ಕುರಿನ ಬಿಡ್ತೋ? ಇದು ನನ್ನ ಸವಾಲ್ ರೀ."

ಅಲ್ಲಿ ಕೂತಿದ್ದವರೆಲ್ಲ ಹೊಳೆ ದಾಟಿದವರೇ. ಒಬ್ಬ ಎದ್ದು, ಹೆಣ್ಣು ಹುಡುಗಿ ಹಿರಿಯರಿಗೆ ಸವಾಲು ಹಾಕುವುದೇ ಎಂದು ಸಿಟ್ಟು ಮಾಡಿದ. ಇನ್ನೊಬ್ಬ, ಹಾಕಿದ್ದರಲ್ಲಿ ತಪ್ಪೇನು, ಎದುರು ಮೇಳದವಳು ತಾನೇ ಎಂದ. ಮುತ್ಯಾ ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿದ. ಅವನ ಕಣ್ಣು ಒದ್ದೆಯಾಗಿದ್ದವು ಎಂದು ಆಮೇಲೆ ಅವ್ವ ಹೇಳಿದಳು. ನನಗೆ ಹಾಗೆ ಕಾಣಲಿಲ್ಲ. ಸಿಟ್ಟು ಬಂದಂತೆಯೇ ಕಂಡಿತು.

"ಸವಾಲ್ ಬಿದ್ದದ. ಜವಾಬ್ ಆಗೋತನಕ ಹಾಡಿದಾಕಿನ್ನ ಕಂಬಳಿ ಮ್ಯಾಲಿಂದ ಎಬ್ಬಸಂಗಿಲ್ಲ, ಅದು ಮೇಳದ ಕಾಯ್ದಾ. ಜವಾಬ್ ಕಟ್ಟೋದು ನಿಂದು" ಎಂದು ಕಾಕಾನ ಕಡೆ ನೋಡಿದ.

ಅಷ್ಟೇ ಫೈಸಲಾ, ಜವಾಬು ಆಗುವ ತನಕ ನಮ್ಮನ್ನು ಕುಲದಿಂದ ತೆಗೆಯುವಂತಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ. ಮುತ್ಯಾ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದ. ತಂಗಿ ಅವ್ವ ತಂದಿದ್ದ ಗಂಟು ಬಿಚ್ಚಿ ರೊಟ್ಟಿ ಪುಂಡಿಪಲ್ಯ ತಿಂದಳು. ಎಲ್ಲರ ಎದುರಿಗೆ ತಿಂದಳು. ಯಾರೂ ತಡೆಯಲಿಲ್ಲ. ಅವ್ವ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ಟೇಸನ್ನಿಗೆ ನಾನೇ ಕರೆದುಕೊಂಡು ಹೋದೆ. ದಾರಿಯಲ್ಲಿ, ಏನು ಕೇಳಬೇಕೋ ಕೇಳು ಅಣ್ಣಾ ಎಂದಳು. ನಾನು ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದೆ. ಗೊತ್ತಾದರೆ ಹಟ್ಟಿಯಲ್ಲಿ ಯಾರಾದರೂ ಕೇಳಿದಾಗ ಹೇಳಬೇಕಾಗುತ್ತದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಆ ಹಾಡು ಚೆನ್ನಾಗಿತ್ತೇ ಎಂದು ಕೇಳಿದಳು. ನಿನ್ನದೊಂದೇ ಚೆನ್ನಾಗಿಲ್ಲ ಎಂದೆ. ಅವಳು ನಕ್ಕಳು.

ಈಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದೆ. ಕಾಕಾ ಇನ್ನೂ ಜವಾಬು ಕಟ್ಟಿಲ್ಲ. ಈ ಬೇಸಿಗೆಯೂ ನಮ್ಮ ಕುರಿ ಎಲ್ಲರ ಕುರಿಯೊಳಗೇ ಹೋದವು. ಅಡವಿಯಲ್ಲಿ ಕಾಕಾ ನನ್ನ ಪಕ್ಕದಲ್ಲೇ ಕೂರುತ್ತಾನೆ. ಒಮ್ಮೊಮ್ಮೆ, ಸವಾಲಿನ ಆ ಕುರಿ ಮುದಿಯದೋ ಮರಿಯೋ ತಮ್ಮಾ ಎಂದು ಕೇಳುತ್ತಾನೆ. ಗೊತ್ತಿಲ್ಲ ಎನ್ನುತ್ತೇನೆ. ಅವನು ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಬಾಯಲ್ಲೇ ಏನೋ ಗುನುಗುತ್ತಾನೆ. ಗುನುಗುತ್ತ ಗುನುಗುತ್ತ ಫಕ್ಕನೆ ನಿಲ್ಲಿಸಿಬಿಡುತ್ತಾನೆ. ಜವಾಬು ಸಿಕ್ಕಿತೇನೋ, ಪಂಚಾಯಿತಿ ಮತ್ತೆ ಕೂಡುತ್ತದೇನೋ ಎಂದು ಹೆದರುತ್ತೇನೆ. ಅವನು ಮತ್ತೆ ಗುನುಗಲು ಶುರು ಮಾಡುವವರೆಗೆ ನಾನು ಅವನ ಕಡೆ ತಿರುಗಿ ನೋಡುವುದಿಲ್ಲ.