ತುಸು ಹೆಚ್ಚೇ ಸಲೀಸು

ನಮ್ಮ ಮಾವ, ಅಂದರೆ ಅಮ್ಮನ ಒಬ್ಬನೇ ತಮ್ಮ, ಪತ್ರಿಕೆಯೊಂದರಲ್ಲಿ ವಿಮರ್ಶೆ ಬರೆಯುತ್ತಿದ್ದ. ಸಿನಿಮಾ ಬಂದರೆ ಸಿನಿಮಾ, ಫ್ಯಾನ್ ಬಂದರೆ ಫ್ಯಾನ್, ಯಾವುದಕ್ಕೂ ಇಲ್ಲವೆನ್ನುವ ಜಾಯಮಾನ ಅವನದಲ್ಲ. ಕಚೇರಿಯಲ್ಲಿ ಅವನನ್ನು ಎಲ್ಲರೂ ‘ತುಸು ಸಾರ್’ ಎಂದು ಕರೆಯುತ್ತಿದ್ದರು. ಯಾವುದನ್ನಾದರೂ ಕೆಟ್ಟದ್ದು ಎನ್ನಬೇಕಾಗಿ ಬಂದಾಗ ಅವನ ಲೇಖನಿ ಮೊದಲು ‘ತುಸು’ ಎಂದು ಬರೆದು ಆಮೇಲೆ ಉಸಿರಾಡುತ್ತಿತ್ತು. ಚಿತ್ರ ತುಸು ಎಳೆದಂತಿದೆ. ನಾಯಕ ತುಸು ದಣಿದಂತಿದ್ದಾನೆ. ಮಿಕ್ಸಿ ತುಸು ಸದ್ದು ಮಾಡುತ್ತದೆ. ಆ ಮಿಕ್ಸಿ ನಮ್ಮ ಮನೆಯಲ್ಲೂ ಇತ್ತು. ಅದನ್ನು ಹಾಕಿದರೆ ಪಕ್ಕದ ಮನೆಯ ಮಗು ಎದ್ದು ಅಳುತ್ತಿತ್ತು.

ಮಾವ ಹುಟ್ಟಾ ಪುಕ್ಕಲ. ಇದನ್ನು ನಾನು ಅವಮಾನ ಮಾಡಲು ಹೇಳುತ್ತಿಲ್ಲ, ಅವನ ಎತ್ತರ ಬಣ್ಣ ಹೇಳುವ ಹಾಗೆ ಹೇಳುತ್ತಿದ್ದೇನೆ. ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದ. ಲಿಫ್ಟ್ ಕಂಡರೆ ಮೆಟ್ಟಿಲು ಹತ್ತುತ್ತಿದ್ದ. ಬೀದಿನಾಯಿ ಎದುರಾದರೆ ಯಾರದೋ ಮನೆಯ ಗೇಟು ತೆಗೆದು ಒಳಗೆ ನಿಂತು, ಆ ಮನೆಯವರು ಹೊರಗೆ ಬಂದರೆ ವಿಳಾಸ ವಿಚಾರಿಸುವವನಂತೆ ನಟಿಸುತ್ತಿದ್ದ. ಅವನ ಹೆದರಿಕೆ ನಮಗೆಲ್ಲ ತಮಾಷೆಯ ವಸ್ತುವಾಗಿತ್ತು. ತಪ್ಪಾಗಿದ್ದೂ ಅಲ್ಲೇ ಅನಿಸುತ್ತದೆ. ಸದಾ ಹೆದರುವವನು ನಿಜವಾಗಿ ಹೆದರಿದಾಗ ಯಾರಿಗೂ ತಿಳಿಯುವುದಿಲ್ಲ.

ಮೊದಲು ಅವನ ಬರವಣಿಗೆ ಹೀಗಿರಲಿಲ್ಲವಂತೆ. ಶುರುವಿನಲ್ಲಿ ಒಂದು ದೊಡ್ಡ ಚಿತ್ರದ ಬಗ್ಗೆ ‘ನಿದ್ದೆ ಬಂತು’ ಎಂದು ಬರೆದುಬಿಟ್ಟಿದ್ದ. ಮಾರನೆಯ ದಿನ ಅಭಿಮಾನಿಗಳು ಕಚೇರಿಯ ಮುಂದೆ ಸೇರಿ, ಅವನ ಸ್ಕೂಟರನ್ನು ಎತ್ತಿ ಚರಂಡಿಗೆ ಹಾಕಿದರು. ಮಾವ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಕೂತಿದ್ದ. ಅಲ್ಲಿಂದ ಹೊರಗೆ ಬಂದವನು ತುಸು ಸಾರ್ ಆಗಿ ಬಂದ.

ನನಗೆ ಅವನ ವಿದ್ಯೆ ಇಷ್ಟವಾಗಿತ್ತು. ರಜೆಯ ದಿನ ನಮ್ಮ ಮನೆಗೆ ಬಂದಾಗ ಪತ್ರಿಕೆ ಹರವಿಕೊಂಡು, ತನ್ನದೂ ಬೇರೆಯವರದೂ ವಿಮರ್ಶೆಗಳನ್ನು ಬಿಡಿಸಿ ಹೇಳುತ್ತಿದ್ದ.

“ನೋಡು ಪುಟ್ಟಿ, ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಅಂದ್ರೆ ಕಥೆ ಇಲ್ಲ ಅಂತ. ‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ’ ಅಂದ್ರೆ ಬಂದ್ರು, ನಿಂತ್ರು, ಹೋದ್ರು ಅಂತ. ‘ಹೊಸಬರ ಪ್ರಯತ್ನ ಮೆಚ್ಚಬೇಕು’ ಅಂದ್ರೆ ಆ ಕಡೆ ತಲೆ ಹಾಕಿ ಮಲಗ್ಬೇಡಿ ಅಂತ.”

“ದ್ವಿತೀಯಾರ್ಧಕ್ಕೆ ಕತ್ತರಿ ಬೇಕಿತ್ತು ಅಂದ್ರೆ?”

“ಅಷ್ಟೊತ್ತಿಗೆ ನಾನು ಎದ್ದು ಹೋಗಿದ್ದೆ ಅಂತ.”

“ಇದೆಲ್ಲ ಓದೋರಿಗೆ ಗೊತ್ತಾಗುತ್ತಾ ಮಾವ?”

“ಗೊತ್ತಾಗದೆ ಏನು? ಇಷ್ಟು ವರ್ಷದಿಂದ ಓದ್ತಿದ್ದಾರಲ್ಲ. ಹೊಗಳಿಕೆ ಮೊದಲನೇ ಪ್ಯಾರಾದಲ್ಲಿರುತ್ತೆ, ಸತ್ಯ ಕೊನೆಯದರ ಹಿಂದಿನ ಪ್ಯಾರಾದಲ್ಲಿರುತ್ತೆ. ನಾನು ಸುಳ್ಳು ಬರೆಯಲ್ಲಪ್ಪ. ಮೆತ್ತಗೆ ಬರೀತೀನಿ, ಅಷ್ಟೆ.”

ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಂಡು ನಗುತ್ತಿದ್ದಳು. ಆದರೆ ಅವಳಿಗೆ ಈ ಗುಟ್ಟು ಒಂದೂ ತಲೆಗೆ ಹತ್ತಿರಲಿಲ್ಲ. ತಮ್ಮ ಬರೆದದ್ದನ್ನು ಅವಳು ಜೋರಾಗಿ ಓದಿ, ಬರೆದ ಹಾಗೆಯೇ ನಂಬುತ್ತಿದ್ದಳು.

ಪತ್ರಿಕೆಯವರು ವಾರಕ್ಕೊಮ್ಮೆ ಮನೆಬಳಕೆಯ ವಸ್ತುಗಳ ಪುಟ ಶುರುಮಾಡಿ ಅದನ್ನೂ ಮಾವನ ಕೊರಳಿಗೆ ಕಟ್ಟಿದರು. ಇಸ್ತ್ರಿಪೆಟ್ಟಿಗೆ, ಹೀಟರ್, ತವೆ ಹೀಗೆ ಏನೇನೋ ಅವನ ಎರಡು ಕೋಣೆಯ ಮಹಡಿಮನೆಗೆ ಬರುತ್ತಿದ್ದವು. ಹಾಗೇ ಒಂದು ಸಲ ಹೊಸ ಪ್ರೆಷರ್ ಕುಕ್ಕರ್ ಬಂತು. ಮುಂದೆ ನಡೆದದ್ದನ್ನು ಅವನೇ ನನಗೆ ಆಮೇಲೆ ಹೇಳಿದ. ಆಲೂಗಡ್ಡೆ ಇಟ್ಟು, ಸೀಟಿ ಕೂಗಿದ ಮೇಲೆ ಒಲೆ ಆರಿಸಿ, ಬೀಗ ಸರಿಯಿದೆಯೋ ನೋಡೋಣವೆಂದು ಹಿಡಿಯನ್ನು ಎರಡು ಬೆರಳಲ್ಲಿ ಹೀಗೆ ಒತ್ತಿದನಂತೆ. ಒಳಗೆ ಆವಿ ಇರುವಾಗ ಮುಚ್ಚಳ ಜಪ್ಪಯ್ಯ ಅಂದರೂ ತಿರುಗಬಾರದು. ಅದಕ್ಕೇ ಆ ಬೀಗ ಇರುವುದು. ಇದು ತಿರುಗಿತು. ಮುಚ್ಚಳ ಹಾರಿ ಚಾವಣಿಗೆ ಬಡಿಯಿತು. ಅವನು ಪುಕ್ಕಲನಾದದ್ದರಿಂದ ತೋಳುದ್ದ ದೂರದಲ್ಲಿ, ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದ. ಹಾಗಾಗಿ ಉಳಿದುಕೊಂಡ.

ಅವತ್ತು ಅವನು ‘ಈ ಕುಕ್ಕರ್ ಅಪಾಯ, ಕೊಳ್ಳಬೇಡಿ’ ಎಂದೇ ಬರೆದ. ಬರೆದು, ಅಚ್ಚಿಗೆ ಹೋಗಲಿದ್ದ ಪುಟದ ಕರಡು ನೋಡಿದರೆ, ಅದರ ಕೆಳಗಿನ ಅರ್ಧದಲ್ಲಿ ಅದೇ ಕಂಪನಿಯ ಜಾಹೀರಾತು. ಸಂಪಾದಕರು ಏನೂ ಹೇಳಿರಲಿಲ್ಲ, ಯಾರೂ ಏನೂ ಹೇಳಿರಲಿಲ್ಲ. ಅವನಿಗೆ ಅವನೇ ಹೇಳಿಕೊಂಡ. ‘ಅಪಾಯ’ ಹೊಡೆದು ‘ಎಚ್ಚರ ಅಗತ್ಯ’ ಎಂದ. ಅದೂ ಖಾರವೆನಿಸಿ, ‘ತಯಾರಕರು ಬೀಗದ ಕಡೆ ಗಮನ ಹರಿಸಬಹುದಿತ್ತು’ ಎಂದ. ಬೀಗ ಎಂಬ ಮಾತೇ ಬೇಡವೆನಿಸಿತು. ಹೊಳಪು, ಹಿಡಿ, ತೂಕ ಎಲ್ಲವನ್ನೂ ಹೊಗಳಿ, ಕೊನೆಯದರ ಹಿಂದಿನ ಪ್ಯಾರಾದಲ್ಲಿ ಒಂದೇ ಒಂದು ವಾಕ್ಯ ಉಳಿಸಿದ: ‘ಮುಚ್ಚಳ ತುಸು ಹೆಚ್ಚೇ ಸಲೀಸಾಗಿ ತೆರೆದುಕೊಳ್ಳುತ್ತದೆ.’ ಗೊತ್ತಾಗುವವರಿಗೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಮಲಗಿದ.

ನಮ್ಮ ಅಮ್ಮನಿಗೆ ಬಲಗೈ ಮಣಿಕಟ್ಟು ನೋವು. ಹಳೆಯ ಕುಕ್ಕರಿನ ಮುಚ್ಚಳ ತಿರುಗಿಸಲು ದಿನಾ ನನ್ನನ್ನೋ ಅಪ್ಪನನ್ನೋ ಕೂಗುತ್ತಿದ್ದಳು. ವಿಮರ್ಶೆ ಓದಿದವಳು ಯಾರಿಗೂ ಹೇಳದೆ ಹೋಗಿ ಅದನ್ನೇ ತಂದುಬಿಟ್ಟಳು.

ಮುಂದಿನ ರಜೆಗೆ ಮಾವ ಬಂದ. ಅಪ್ಪ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಮಾವ ನಡುಮನೆಯಲ್ಲಿ ನೀರು ಕುಡಿಯುತ್ತಿರುವಾಗ ಅಡುಗೆಮನೆಯಲ್ಲಿ ಸೀಟಿ ಕೂಗಿತು. ಅವನ ಲೋಟ ಬಾಯಿಯ ಹತ್ತಿರವೇ ನಿಂತಿತು.

“ಅಕ್ಕಾ, ಯಾವ ಕುಕ್ಕರ್ ಅದು? ಸದ್ದು ಬೇರೆ ಥರ ಇದೆ.”

“ನೀನೇ ಬರೆದಿದ್ದೀಯಲ್ಲೋ! ಅದೇ ತಂದೆ. ಇವತ್ತೇ ಮೊದಲು ಇಟ್ಟಿದ್ದು. ಕೈನೋವಿನೋರಿಗೆ ಹೇಳಿ ಮಾಡ್ಸಿದ ಹಾಗಿದೆ.”

ಮಾವನ ಮುಖದ ರಕ್ತ ಇಳಿಯುವುದನ್ನು ನಾನು ಕಣ್ಣಾರೆ ನೋಡಿದೆ. ಎದ್ದ, ಕೂತ, ಮತ್ತೆ ಎದ್ದ. ನನಗೆ ನಗು ಬಂತು. ಹಲ್ಲಿ ಕಂಡಿರಬೇಕು ಎಂದುಕೊಂಡೆ.

“ಅಕ್ಕಾ, ಅದು... ಮುಚ್ಚಳ... ತುಸು...”

“ಬಂತಪ್ಪ ಇವನ ತುಸು!” ಅಮ್ಮ ಒಲೆ ಆರಿಸುತ್ತ ನಕ್ಕಳು.

“ಹಂಗಲ್ಲ ಅಕ್ಕಾ, ಸ್ವಲ್ಪ ನೋಡ್ಕೊಂಡು, ಅಂದ್ರೆ... ತುಸು ನಿಧಾನ...”

ಒಂದೇ ಒಂದು ಮಾತು ಸಾಕಿತ್ತು. ಮುಟ್ಟಬೇಡ. ಅಷ್ಟು ವರ್ಷ ಸುತ್ತಿ ಬಳಸಿ ನಡೆದ ನಾಲಿಗೆಗೆ ನೇರ ದಾರಿಯೇ ಮರೆತುಹೋಗಿತ್ತು. ಅವನು ಅಡುಗೆಮನೆಯ ಕಡೆ ಓಡಿದ. ಹೊಸಿಲ ಹತ್ತಿರ ಕಾಲು ನಿಂತುಬಿಟ್ಟಿತು. ಅಮ್ಮ ನಿಶ್ಚಿಂತೆಯಿಂದ ಹಿಡಿಗೆ ಕೈ ಹಾಕಿದಳು. ಹಳೆಯ ಕುಕ್ಕರಿನಲ್ಲಿ ಮುಚ್ಚಳ ತಿರುಗಿತು ಎಂದರೆ ಆವಿ ಇಳಿದಿದೆ ಎಂದೇ ಅರ್ಥ. ಅವಳಿಗೆ ಗೊತ್ತಿದ್ದದ್ದು ಅದು. ಇದು ತಿರುಗಿತು.

ಆ ಸದ್ದನ್ನು ನಾನು ವಿವರಿಸುವುದಿಲ್ಲ. ಆವಿಯಲ್ಲಿ ಅಡುಗೆಮನೆಯೇ ಕಾಣಲಿಲ್ಲ. ಅಮ್ಮ ಕಿರುಚಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. ಒಳಗೆ ನುಗ್ಗಿದರೆ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು. ಬೆರಳ ಸಂದಿಯಿಂದ ಬೆಂದ ಕಾಳು ಜಾರುತ್ತಿತ್ತು. “ಕಣ್ಣು ಬಿಡೋಕಾಗ್ತಿಲ್ಲ ಕಣೇ” ಎಂದಳು, ಬಹಳ ಮೆಲ್ಲಗೆ. ನಾನು ನೀರು ಸುರಿದೆ, ಸುರಿಯುತ್ತಲೇ ಇದ್ದೆ. ಮಾವ ಹೊಸಿಲಲ್ಲೇ ನಿಂತಿದ್ದ. ನಾನು ಅವನಿಗೆ ಬಾಯಿಗೆ ಬಂದದ್ದು ಬೈದು, ಆಟೋ ತರಲು ಓಡಿಸಿದೆ.

ಆಸ್ಪತ್ರೆಯಲ್ಲಿ ಅಮ್ಮನ ಕೆನ್ನೆ, ಕತ್ತು, ಕೈಗಳಿಗೆಲ್ಲ ಔಷಧಿ ಹಚ್ಚಿ ಬಟ್ಟೆ ಸುತ್ತಿದರು. ಕಣ್ಣಿಗೆ ಪಟ್ಟಿ ಕಟ್ಟಿದರು. ಎಡಗಣ್ಣು ಉಳಿಯುತ್ತದೆ, ಬಲಗಣ್ಣಿನ ವಿಷಯ ಪಟ್ಟಿ ಬಿಚ್ಚಿದ ಮೇಲೆಯೇ ಹೇಳಬೇಕು ಎಂದರು ಡಾಕ್ಟರು. ಮಾವ ಹಾಸಿಗೆಯ ಕಾಲ ಬಳಿ ನೆಲದಲ್ಲಿ ಕೂತು, ಮೊದಲ ಸಲ ಮುಚ್ಚಳ ಹಾರಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ. ನನಗೆ ಅವನನ್ನು ಹಿಡಿದು ಬಡಿಯಬೇಕೆನಿಸಿತು.

“ನನ್ನ ಹಾಗೆ ಇನ್ನೂ ಯಾರ್ಯಾರು ಓದಿರ್ತಾರೋ. ಹೋಗೋ. ಇಲ್ಲಿ ಕೂತು ಅಳ್ಬೇಡ, ಹೋಗಿ ಹೇಳು” ಎಂದಳು ಅಮ್ಮ.

ಅವನು ಒಬ್ಬನೇ ಹೋಗಲಾರನೆಂದು, ಪಕ್ಕದ ಮನೆಯ ಅಕ್ಕನನ್ನು ಅಮ್ಮನ ಬಳಿ ಕೂರಿಸಿ ನಾನೂ ಹೊರಟೆ. ಮೊದಲು ಸಂಪಾದಕರ ಕೋಣೆ. ಅವರು ಕನ್ನಡಕ ತೆಗೆದು, ಬಹಳ ನೊಂದುಕೊಂಡರು. ಕುರ್ಚಿ ಕೊಟ್ಟು, ನೀರು ತರಿಸಿದರು.

“ಹಾಕೋಣ ಸಾರ್, ಖಂಡಿತ ಹಾಕೋಣ. ಮುಂದಿನ ವಾರದ ಪುಟದಲ್ಲಿ ಒಂದು ಸಾಲು. ‘ಕುಕ್ಕರ್ ತೆರೆಯುವಾಗ ಬಳಕೆದಾರರು ತುಸು ಎಚ್ಚರ ವಹಿಸುವುದು ಒಳಿತು.’ ನಿಮ್ಮ ಶೈಲಿಯಲ್ಲೇ ಇರ್ಲಿ. ಏನಂತೀರಿ?”

ಮಾವ ಅವರನ್ನೇ ನೋಡಿದ. ಕನ್ನಡಿಯಲ್ಲಿ ತನ್ನ ಮುಖ ನೋಡಿ ಬೆಚ್ಚಿದವನ ಹಾಗೆ ಕಂಡ. ಎದ್ದು ಬಂದ. ಮುಂದಿನ ವಾರವೆಂದರೆ ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಮುಚ್ಚಳ ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದ. ಅವನ ಕೈ ನನ್ನ ಕೈಯಲ್ಲಿ ತಣ್ಣಗಿತ್ತು. ನನಗೂ ಹೆದರಿಕೆ ಹತ್ತಿಕೊಂಡಿತ್ತು. ದಾರಿಯ ಪ್ರತಿ ಕಿಟಕಿಯಿಂದಲೂ ಸೀಟಿಯ ಸದ್ದು ಬರುತ್ತಿದೆಯೇನೋ ಅನಿಸುತ್ತಿತ್ತು.

ಪಾತ್ರೆ ಅಂಗಡಿಯ ಗಾಜಿನ ಮೇಲೆ ಮಾವನ ವಿಮರ್ಶೆಯನ್ನು ದೊಡ್ಡದು ಮಾಡಿ ಅಂಟಿಸಿದ್ದರು. ಪೂರ್ತಿಯಲ್ಲ, ಒಂದೇ ವಾಕ್ಯ, ಕೆಂಪು ಅಕ್ಷರದಲ್ಲಿ: ‘ಮುಚ್ಚಳ ಸಲೀಸಾಗಿ ತೆರೆದುಕೊಳ್ಳುತ್ತದೆ!’ ಕೆಳಗೆ ಪತ್ರಿಕೆಯ ಹೆಸರು. ‘ತುಸು ಹೆಚ್ಚೇ’ ಹಾರಿಹೋಗಿತ್ತು. ಅವನು ಹೇಳಬೇಕೆಂದಿದ್ದದ್ದು ಇದ್ದದ್ದೇ ಆ ಎರಡು ಪದಗಳಲ್ಲಿ. ಒಳಗೆ ಅದೇ ಕುಕ್ಕರಿನ ಡಬ್ಬಗಳನ್ನು ಆಳೆತ್ತರ ಪೇರಿಸಿದ್ದರು. ಮಾಲೀಕರು ಮಾವನ ಮಾತು ಅರ್ಧ ಕೇಳಿ, “ಗಿರಾಕಿ ಟೈಮಲ್ಲಿ ತಮಾಷೆ ಮಾಡ್ಬೇಡಿ ಸ್ವಾಮಿ, ಆಚೆ ನಡೀರಿ” ಎಂದರು.

ನಾವು ಆಚೆ ಬರುವುದಕ್ಕೂ ಒಬ್ಬ ಹೆಂಗಸು ಡಬ್ಬವೊಂದನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿಯುವುದಕ್ಕೂ ಸರಿಹೋಯಿತು. ಅಮ್ಮನ ವಯಸ್ಸೇ ಇರಬಹುದು. ಮಾವ ಅವಳ ದಾರಿಗೆ ಅಡ್ಡ ನಿಂತ.

“ತಾಯೀ, ಅದನ್ನ ವಾಪಸ್ ಕೊಟ್ಬಿಡಿ.”

“ಯಾಕಪ್ಪಾ?”

“ಅದು ಸರಿ ಇಲ್ಲ.”

“ಪೇಪರಿನೋರೇ ಬರೆದಿದ್ದಾರಲ್ಲ? ನಮ್ಮತ್ತೆಗೆ ಬೆರಳೇ ಮಡಚಕ್ಕಾಗಲ್ಲ, ಸಲೀಸಾಗಿ ತೆಗೀಬಹುದು ಅಂತ ಓದಿ ತಗೊಂಡೆ.”

“ಬರೆದೋನು ನಾನೇ ತಾಯೀ.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅಂಗಿಯ ತುಂಬ ಕಾಳಿನ ಕಲೆ, ಕೆದರಿದ ತಲೆ, ಕೆಂಪು ಕಣ್ಣು. “ಆಯ್ತು ಬಿಡಪ್ಪ” ಎಂದು ನಕ್ಕು ಬಸ್ಸಿನ ಕಡೆ ಹೊರಟಳು. ಬಸ್ಸು ಆಗಲೇ ನಿಂತಿತ್ತು.

ಆಗ ಮಾವ ಓಡಿ ಅವಳ ಕೈಯಿಂದ ಡಬ್ಬ ಕಿತ್ತುಕೊಂಡ. ನಾನು ಅವನಿಂದ ಕನಸಲ್ಲೂ ಅದನ್ನು ನಿರೀಕ್ಷಿಸಿರಲಿಲ್ಲ. “ಅಯ್ಯೋ, ಕಳ್ಳ!” ಎಂದಳು ಅವಳು. ಅಂಗಡಿಯವರು, ಬಸ್ಸಿಗೆ ಕಾದವರು, ದಾರಿಹೋಕರು ಎಲ್ಲ ಕ್ಷಣದಲ್ಲಿ ಮುತ್ತಿಕೊಂಡರು. ಮಾವ ಡಬ್ಬವನ್ನು ಹೊಟ್ಟೆಗೆ ಒತ್ತಿಕೊಂಡು ನೆಲದ ಮೇಲೆ ಮುದುಡಿ ಕೂತ. ಯಾರೋ ಬೆನ್ನಿಗೆ ಗುದ್ದಿದರು, ಯಾರೋ ಕೂದಲು ಹಿಡಿದು ಎಳೆದರು. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಅಡ್ಡ ಬಿದ್ದು “ಹೊಡೀಬೇಡಿ, ಹೊಡೀಬೇಡಿ” ಎಂದು ಅರಚುತ್ತಿದ್ದೆ. ಅವನು ಡಬ್ಬ ಬಿಡಲಿಲ್ಲ.

“ಬಿಡೋ, ನನ್ನ ಕುಕ್ಕರ್ ಬಿಡೋ” ಎಂದು ಆ ಹೆಂಗಸು ಬಗ್ಗಿ ಡಬ್ಬದ ಮೇಲೆ ಕೈ ಹಾಕಿದಳು. ಮಾವ ಮುಖ ಎತ್ತಿದ.

“ಇದು ಸಿಡಿಯುತ್ತೆ. ನನಗೆ ಗೊತ್ತಿತ್ತು, ಬರೀಲಿಲ್ಲ. ನಮ್ಮಕ್ಕನ ಕಣ್ಣು ಹೋಗಿದೆ.”

ಬಲಗಣ್ಣಿನ ಬಗ್ಗೆ ಡಾಕ್ಟರು ಇನ್ನೂ ಏನೂ ಹೇಳಿರಲಿಲ್ಲ. ಆದರೂ ಅವನು ‘ಹೋಗಿದೆ’ ಎಂದೇ ಅಂದ. ಆ ಹೆಂಗಸು ಡಬ್ಬದ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.